ಕೈ ಬೀಸಿದ್ರೆ ಕೀ ತಗೊಳ್ಳೋ ಅಗ್ಗದ ಮಶೀನು

ಮನೇಲಿ ಹಳೇ ಎಚ್‌ಎಂಟಿ ಇದ್ದವರಿಗೆ ಈ ಮಾತು ಗೊತ್ತಿರುತ್ತೆ, "ಜಾಸ್ತಿ ಕೀ ಕೊಡಬೇಡ, ಸ್ಪ್ರಿಂಗ್ ಕಿತ್ತೋಗುತ್ತೆ". 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಲ್ಲಿ ಎಚ್‌ಎಂಟಿ ವಾಚ್ ಮಾಡೋಕೆ ಶುರು ಮಾಡ್ತು, ಆಮೇಲೆ ಜನತಾ, ಪೈಲಟ್ ಕಟ್ಟಿದ ಎಷ್ಟೋ ಜನರಿಗೆ ಬೆಳಗ್ಗೆ ಎದ್ದು ಕೀ ಕೊಡೋದು ಹಲ್ಲುಜ್ಜಿದಷ್ಟೇ ಅಭ್ಯಾಸ ಆಗೋಯ್ತು. ಆಟೋಮ್ಯಾಟಿಕ್ ವಾಚಲ್ಲಿ ಆ ಕೆಲಸ ನಾವು ಕೈ ಬೀಸಿ ನಡೆಯೋವಾಗ ತಾನಾಗೇ ಆಗುತ್ತೆ. ಇವತ್ತು ಅದಕ್ಕೆ ಲಕ್ಷಗಟ್ಲೆ ಖರ್ಚು ಮಾಡಬೇಕಿಲ್ಲ, ಕೆಲವು ಸಾವಿರ ರೂಪಾಯಿಗೆ ಸೀಕೊ ಕಂಪನಿಯ ಎನ್‌ಎಚ್35 ಅನ್ನೋ ಮಶೀನೇ, ಅಂದ್ರೆ ವಾಚಿನ ಒಳಗಿನ ಯಂತ್ರವೇ, ಬಿಡಿಯಾಗಿ ಸಿಗುತ್ತೆ. ನಾನು ಹೇಳೋಕೆ ಹೊರಟಿರೋದು ಅದರ ಬಗ್ಗೇನೇ, ಯಾಕಂದ್ರೆ ಅಗ್ಗವಾಗಿ ಮಾಡೋಕೆ ಅವರು ಓಡಿಸಿರೋ ತಲೆ ಇದೆಯಲ್ಲ, ನನಗೆ ಅದೇ ದೊಡ್ಡ ಬೆರಗು.

ವಾಚಿನ ಹಿಂದಿನ ಮುಚ್ಚಳ ತೆಗೆದ್ರೆ ಅರ್ಧಚಂದ್ರದ ಥರ ಒಂದು ಲೋಹದ ತುಂಡು ಕಾಣುತ್ತೆ, ಅದು ರೋಟರ್. ಒಂದೇ ಕಡೆ ಭಾರ ಇರೋದ್ರಿಂದ ವಾಚನ್ನ ಹೇಗೇ ವಾಲಿಸಿದ್ರೂ ಭಾರದ ಭಾಗ ಕೆಳಕ್ಕೆ ಬರೋಕೆ ನೋಡುತ್ತೆ, ಹಾಗಾಗಿ ತಿರುಗುತ್ತೆ. ಆದ್ರೆ ನಮ್ಮ ಕೈ ಒಂದ್ಸಲ ಆ ಕಡೆ ಒಂದ್ಸಲ ಈ ಕಡೆ ಬೀಸುತ್ತೆ, ಸ್ಪ್ರಿಂಗ್ ಸುತ್ತಬೇಕಿರೋದು ಮಾತ್ರ ಒಂದೇ ದಿಕ್ಕಿಗೆ. ಇದನ್ನ ಹೇಗೆ ಮಾಡೋದು? ಸಿಟಿಜನ್‌ನವರ ಮಿಯೋಟಾ 8215 ಅನ್ನೋ ಮಶೀನಲ್ಲಿ ರೋಟರ್ ಒಂದು ಕಡೆ ತಿರುಗಿದಾಗ ಮಾತ್ರ ಕೀ ಏರುತ್ತೆ, ಇನ್ನೊಂದು ಕಡೆಗೆ ಸುಮ್ನೆ ಗಿರ್ರನೆ ಸುತ್ತುತ್ತೆ, ಕೈಗೆ ಕಟ್ಟಿದಾಗ ಆ ಅದುರು ಗೊತ್ತಾಗುತ್ತೆ ಕೂಡ. ಸ್ವಿಸ್ ಮಶೀನು ಇಟಿಎ 2824ರಲ್ಲಿ ಎರಡು ದಿಕ್ಕಿಗೂ ಕೆಲಸ ಮಾಡೋ ಹಾಗೆ ನಾಜೂಕಾದ ಚಕ್ರಗಳ ಜೋಡಿ ಇಟ್ಟಿದ್ದಾರೆ. ಸೀಕೊದವರು 1959ರಲ್ಲೇ ಮ್ಯಾಜಿಕ್ ಲಿವರ್ ಅಂತ ಒಂದು ತಂದ್ರು, ಕವಣೆಯ ಕವಲಿನ ಥರ ಎರಡು ತೋಳಿರೋ ತೆಳ್ಳನೆ ತಗಡು ಅಷ್ಟೇ, ಎನ್‌ಎಚ್35ರಲ್ಲೂ ಇರೋದು ಅದೇ. ಅದರ ಬುಡ ಕೂತಿರೋದು ಒಂದು ಚಕ್ರದ ನಡುವಿಂದ ಸ್ವಲ್ಪ ಪಕ್ಕಕ್ಕಿರೋ ಗೂಟದ ಮೇಲೆ, ಆ ಚಕ್ರವನ್ನ ರೋಟರ್ ತಿರುಗಿಸುತ್ತೆ, ಯಾವ ಕಡೆಗೇ ತಿರುಗಲಿ ಗೂಟ ಹಿಂದೆ ಮುಂದೆ ಹೋಗುತ್ತೆ, ತಗಡಿನ ಒಂದು ತೋಳು ಪಕ್ಕದ ಹಲ್ಲಿನ ಚಕ್ರವನ್ನ ತಳ್ಳುತ್ತೆ, ವಾಪಸ್ ಬರೋವಾಗ ಇನ್ನೊಂದು ತೋಳು ಎಳೆಯುತ್ತೆ, ಎರಡರಿಂದಲೂ ಚಕ್ರ ಒಂದೇ ದಿಕ್ಕಿಗೆ ಹೋಗುತ್ತೆ. ಇದನ್ನ ಮೊದಲ ಸಲ ಲೆನ್ಸ್ ಹಿಡಿದು ನೋಡಿದಾಗ ನಾನು ಎಷ್ಟೋ ಹೊತ್ತು ಬೆರಳಲ್ಲಿ ರೋಟರ್ ತಿರುಗಿಸ್ತಾನೇ ಕೂತಿದ್ದೆ.

ದಿನವಿಡೀ ಕೈ ಆಡಿಸಿದ್ರೆ ಸ್ಪ್ರಿಂಗ್ ಕಿತ್ತೋಗಲ್ವಾ ಅಂತ ಕೇಳಬಹುದು. ಇಲ್ಲ. ಸ್ಪ್ರಿಂಗಿನ ಹೊರತುದಿಯನ್ನ ಅದು ಕೂತಿರೋ ಡಬ್ಬಿಯ ಗೋಡೆಗೆ ಭದ್ರವಾಗಿ ಸಿಕ್ಕಿಸಿರಲ್ಲ, ಅದು ಒತ್ತಿಕೊಂಡಿರುತ್ತೆ ಅಷ್ಟೇ, ಪೂರ್ತಿ ಬಿಗಿ ಆದ್ಮೇಲೆ ಜಾರುತ್ತೆ. ಪೂರ್ತಿ ಕೀ ಏರಿಸಿ ಬಿಚ್ಚಿಟ್ರೆ ಸುಮಾರು 41 ಗಂಟೆ ಓಡುತ್ತೆ.

ಇನ್ನು ಟೈಮ್ ವಿಷಯ. ಇದರ ಬಡಿತ ಗಂಟೆಗೆ 21,600, ಅಂದ್ರೆ ಸೆಕೆಂಡಿಗೆ 6, ಅದಕ್ಕೇ ಸೆಕೆಂಡ್ ಮುಳ್ಳು ಟಕ್ ಟಕ್ ಅಂತ ನಿಂತು ನಿಂತು ಹೋಗದೆ ಹರಿದ ಹಾಗೆ ಕಾಣೋದು. ಕ್ವಾರ್ಟ್ಜ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ, ಅದರ ಮುಂದೆ ಯಾವ ಸ್ಪ್ರಿಂಗ್ ವಾಚೂ ನಿಲ್ಲಲ್ಲ, ಒಪ್ಪಿಕೊಳ್ಳಲೇಬೇಕು. ಎನ್‌ಎಚ್35 ದಿನಕ್ಕೆ 20 ಸೆಕೆಂಡ್ ಹಿಂದೆ ಬೀಳಬಹುದು, ಇಲ್ಲ 40 ಸೆಕೆಂಡ್ ಮುಂದೆ ಓಡಬಹುದು ಅಂತ ಕಂಪನಿಯೇ ಹೇಳುತ್ತೆ. ಕೇಳೋಕೆ ಕಳಪೆ ಅನ್ಸುತ್ತೆ. ಆದ್ರೆ ದಿನಕ್ಕೆ 5,18,400 ಬಡಿತ, 40 ಸೆಕೆಂಡ್ ಅಂದ್ರೆ ಅದರಲ್ಲಿ 240 ಬಡಿತ ಹೆಚ್ಚು ಕಮ್ಮಿ, ಬ್ಯಾಟರಿ ಇಲ್ಲದೆ, ಬಡಿತದ ವೇಗ ಹಿಡಿದಿಡೋ, ಕೂದಲೆಳೆಯಂಥ ಇನ್ನೊಂದು ಸ್ಪ್ರಿಂಗನ್ನ ನಂಬಿಕೊಂಡು!

ಆ ಕೂದಲೆಳೆ ಸ್ಪ್ರಿಂಗೇ ಎಲ್ಲ ಆಟದ ಮೂಲ. ಒಂದ್ಸಲ ನನ್ನ ವಾಚು ಇದ್ದಕ್ಕಿದ್ದಂಗೆ ದಿನಕ್ಕೆ ಎರಡು ನಿಮಿಷಕ್ಕಿಂತ ಜಾಸ್ತಿ ಮುಂದೆ ಓಡೋಕೆ ಶುರು ಮಾಡ್ತು. ರಾತ್ರಿ ಅದನ್ನ ಬ್ಲೂಟೂತ್ ಸ್ಪೀಕರ್ ಮೇಲೆ ಇಡ್ತಿದ್ದೆ, ಅದರ ಅಯಸ್ಕಾಂತಕ್ಕೆ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ವು, ಸುತ್ತು ಅಂಟಿದ್ರೆ ಸ್ಪ್ರಿಂಗ್ ಗಿಡ್ಡ ಆದ ಹಾಗೇ, ಗಿಡ್ಡ ಆದ್ರೆ ಬಡಿತ ಜೋರು. ಕಾಂತ ತೆಗೆಯೋ ಸಣ್ಣ ಡಬ್ಬಿ ಮೇಲೆ ಒಂದೆರಡು ಸಲ ಆಡಿಸಿದೆ, ಸರಿಹೋಯ್ತು. ಆಮೇಲೆ ಬಡಿತ ಕೇಳಿಸಿಕೊಂಡು ಲೆಕ್ಕ ಹೇಳೋ ಟೈಮ್‌ಗ್ರಾಫರ್ ತಗೊಂಡು, ಒಳಗಿನ ಪುಟ್ಟ ಲಿವರನ್ನ ಸೂಜಿಮೊನೆಯಷ್ಟು ಸರಿಸಿ, ದಿನಕ್ಕೆ 18 ಸೆಕೆಂಡ್ ಮುಂದೆ ಓಡ್ತಿದ್ದಿದ್ದನ್ನ 4ಕ್ಕೆ ತಂದೆ. ದುಬಾರಿ ವಾಚಿನ ಹೊಟ್ಟೆಗೆ ಕೈ ಹಾಕೋ ಧೈರ್ಯ ನನಗೆ ಬರ್ತಿರಲಿಲ್ಲ. ಇದರಲ್ಲಿ ಏನಾದ್ರೂ ಮುರಿದ್ರೆ ಹೊಸ ಮಶೀನನ್ನೇ ಕೂರಿಸಬಹುದು, ಡಯಲ್ಲು, ಮುಳ್ಳು, ಕೇಸು ಎಲ್ಲ ಬಿಡಿಬಿಡಿಯಾಗಿ ಸಿಗುತ್ತೆ, ಹಾಗಾಗಿ ಮನೇಲೇ ಕೂತು ತಮಗೆ ಬೇಕಾದ ವಾಚು ಜೋಡಿಸ್ಕೊಳ್ಳೋರು ಬೇಕಾದಷ್ಟು ಜನ ಇದ್ದಾರೆ.

ಒಳಗೆ 24 ಕೆಂಪು ಕಲ್ಲುಗಳಿವೆ ಅಂದ್ರೆ ಬೆಲೆಬಾಳೋ ಮಾಣಿಕ್ಯ ಅಂದ್ಕೋಬೇಡಿ. 1902ರಲ್ಲಿ ಫ್ರಾನ್ಸಿನ ಆಗಸ್ಟ್ ವರ್ನೇಯ್ ಮಾಣಿಕ್ಯವನ್ನ ಬೆಂಕೀಲಿ ಬೆಳೆಸೋ ದಾರಿ ತೋರಿಸಿದ್ಮೇಲೆ ಅವು ಅಗ್ಗ ಆದ್ವು. ಕೆಲಸ ಮಾತ್ರ ದೊಡ್ಡದು, ಚಕ್ರದ ಅಚ್ಚಿನ ತುದಿ ಅವುಗಳಲ್ಲಿ ಸವೆಯದೆ ತಿರುಗುತ್ತೆ.

ಈಗ ನಾನು ರಾತ್ರಿ ಮಲಗೋವಾಗ ವಾಚನ್ನ ಹೇಗೆ ಇಡ್ತೀನಿ ಅನ್ನೋದೂ ಲೆಕ್ಕಾನೇ. ಡಯಲ್ ಮೇಲೆ ಮಾಡಿ ಇಟ್ರೆ ನನ್ನದು ಸ್ವಲ್ಪ ಮುಂದೆ ಹೋಗುತ್ತೆ, ಕ್ರೌನ್, ಅಂದ್ರೆ ಪಕ್ಕದಲ್ಲಿರೋ ಕೀ ಕೊಡೋ ತಿರುಪು, ಕೆಳಗೆ ಮಾಡಿ ನಿಲ್ಲಿಸಿದ್ರೆ ಸ್ವಲ್ಪ ಹಿಂದೆ ಬೀಳುತ್ತೆ. ಹಗಲು ಗಳಿಸಿದ 4 ಸೆಕೆಂಡನ್ನ ರಾತ್ರಿ ಹಾಗೆ ನಿಲ್ಲಿಸಿ ವಾಪಸ್ ಕೊಡಿಸ್ತೀನಿ, ಬೆಳಗ್ಗೆ ಫೋನಿನ ಟೈಮ್ ಜೊತೆ ಹಿಡಿದು ನೋಡ್ತೀನಿ, ಈ ವಾರ ಒಟ್ಟು 3 ಸೆಕೆಂಡ್ ಮುಂದಿದೆ.