ಎಕ್ಸ್‌ಪಾರ್ಟಿ ಡಿಕ್ರಿ ರದ್ದತಿ: 30 ದಿನ ಎಲ್ಲಿಂದ ಎಣಿಸಬೇಕು?

ಪ್ರತಿವಾದಿ ಗೈರಾದಾಗ ವಾದಿಯ ಕಡೆಯನ್ನಷ್ಟೇ ಕೇಳಿ ಕೋರ್ಟು ಕೊಡುವ ಡಿಕ್ರಿಯೇ ಎಕ್ಸ್‌ಪಾರ್ಟಿ ಡಿಕ್ರಿ. ಅದನ್ನು ರದ್ದು ಮಾಡಿಸುವ ದಾರಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 13. ಕಾನೂನು ಪರೀಕ್ಷೆಗೆ ಅದು ಬಂದರೆ ನಾವೆಲ್ಲ ಗೈರಿನ ‘ಸಾಕಷ್ಟು ಕಾರಣ’ದ ಬಗ್ಗೆ ಪುಟಗಟ್ಟಲೆ ಬರೆಯುತ್ತೇವೆ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಸಮನ್ಸ್ ಯಾರ ಕೈಗೆ ಹೋಯಿತು ಎಂಬುದನ್ನು.

ಹೀಗಿಟ್ಟುಕೊಳ್ಳಿ. ಕಾಪುವಿನವರೊಬ್ಬರು ಮುಂಬೈಯಲ್ಲಿ ಹೋಟೆಲ್ ಇಟ್ಟಿದ್ದಾರೆ. ಊರಿನ ಮನೆಯಲ್ಲಿ ತಾಯಿ ಒಬ್ಬರೇ. ಪ್ರಾಮಿಸರಿ ನೋಟಿನ ಸಾಲಕ್ಕೆ ಉಡುಪಿಯ ಸಿವಿಲ್ ಕೋರ್ಟಿನಲ್ಲಿ ಅವರ ಮೇಲೆ ದಾವೆ ಬೀಳುತ್ತದೆ. ಅಮೀನರು (ಸಮನ್ಸ್ ಜಾರಿ ಮಾಡುವ ಕೋರ್ಟಿನ ಸಿಬ್ಬಂದಿ) ಊರಿನ ಮನೆಗೆ ಬಂದು ಸಮನ್ಸ್ ಕೊಡುತ್ತಾರೆ, ತಾಯಿ ಸಹಿ ಹಾಕುತ್ತಾರೆ. ಕೇಸು ಕರೆದ ದಿನ ಪ್ರತಿವಾದಿ ಗೈರು. ವಾದಿಯ ಸಾಕ್ಷ್ಯ ಮಾತ್ರ ಪಡೆದು ಡಿಕ್ರಿ ಆಗುತ್ತದೆ. ಆರು ತಿಂಗಳ ನಂತರ ಅಮಲ್ಜಾರಿ (ಡಿಕ್ರಿಯನ್ನು ಜಾರಿಗೆ ತರುವ) ನೋಟಿಸು ಬಂದಾಗಲೇ ಮಗನಿಗೆ ವಿಷಯ ತಿಳಿಯುವುದು.

ನಿಯಮ 13ರಲ್ಲಿ ಡಿಕ್ರಿ ರದ್ದಾಗಲು ಎರಡೇ ಆಧಾರ: ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲ, ಇಲ್ಲವೇ ವಿಚಾರಣೆಗೆ ಕರೆದಾಗ ಹಾಜರಾಗದಂತೆ ಸಾಕಷ್ಟು ಕಾರಣ ತಡೆಯಿತು. ನಮ್ಮ ಹೋಟೆಲಿನವರು ಮೊದಲನೆಯದನ್ನು ಹಿಡಿಯಬಹುದು. ಆದೇಶ 5, ನಿಯಮ 15ರಂತೆ ಪ್ರತಿವಾದಿ ಸಿಗದಿದ್ದಾಗ ಕುಟುಂಬದ ವಯಸ್ಕರಿಗೆ ಸಮನ್ಸ್ ಕೊಡಬಹುದು, ಹೆಂಗಸರಾದರೂ ಸರಿ. ಆದರೆ ಅವರು ಪ್ರತಿವಾದಿಯ ಜೊತೆ ವಾಸವಿರಬೇಕು. ಮಗ ಮುಂಬೈಯಲ್ಲಿ, ತಾಯಿ ಕಾಪುವಿನಲ್ಲಿ. ಇದು ಜೊತೆ ವಾಸ ಅಲ್ಲ ಎಂದು ವಾದಿಸಲು ಒಳ್ಳೆಯ ಜಾಗವಿದೆ. (ಅರ್ಧ ಸಂಸಾರ ಮುಂಬೈ, ಗಲ್ಫ್‌ನಲ್ಲಿರುವ ನಮ್ಮ ಕಡೆ ಈ ನಿಯಮ ಬಾಯಿಪಾಠ ಇರಲೇಬೇಕು.)

ಇಲ್ಲೊಂದು ಕೊಕ್ಕೆ ಇದೆ. ತಾಯಿ ಆ ಸಮನ್ಸಿನ ಫೋಟೋ ತೆಗೆದು ಮಗನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದರೆ? 1976ರ ತಿದ್ದುಪಡಿ ನಿಯಮ 13ಕ್ಕೆ ಸೇರಿಸಿದ ಪರಂತುಕದ (‘ಆದರೆ’ ಎಂದು ಮಿತಿ ಹಾಕುವ ಭಾಗದ) ಪ್ರಕಾರ, ವಿಚಾರಣೆಯ ದಿನಾಂಕ ಪ್ರತಿವಾದಿಗೆ ಗೊತ್ತಿತ್ತು, ಬಂದು ಉತ್ತರಿಸಲು ಸಮಯವೂ ಇತ್ತು ಎಂದು ಕೋರ್ಟಿಗೆ ಮನವರಿಕೆಯಾದರೆ, ಜಾರಿಯಲ್ಲಿನ ಲೋಪವೊಂದನ್ನೇ ಹಿಡಿದು ಡಿಕ್ರಿ ರದ್ದು ಮಾಡುವಂತಿಲ್ಲ.

ಇನ್ನು ಕಾಲಮಿತಿ. 1963ರ ಲಿಮಿಟೇಷನ್ ಕಾಯ್ದೆಯ 123ನೇ ಅನುಚ್ಛೇದ ಡಿಕ್ರಿ ರದ್ದತಿಯ ಅರ್ಜಿ ಹಾಕಲು 30 ದಿನ ಕೊಡುತ್ತದೆ. ಸಮನ್ಸ್ ಸರಿಯಾಗಿ ಜಾರಿಯಾಗಿದ್ದರೆ ಎಣಿಕೆ ಡಿಕ್ರಿಯ ದಿನದಿಂದ, ಆಗಿರದಿದ್ದರೆ ಡಿಕ್ರಿ ಆಗಿದೆಯೆಂದು ತಿಳಿದ ದಿನದಿಂದ. ಹಾಗಾಗಿ ಆಧಾರ ಯಾವುದೆಂಬುದರ ಮೇಲೆ ಅರ್ಜಿ ತಡವೋ ಅಲ್ಲವೋ ನಿಂತಿದೆ. ‘ನನಗೆ ಈಗಷ್ಟೇ ತಿಳಿಯಿತು’ ಎಂದಷ್ಟೇ ಅಫಿಡವಿಟ್ಟಿನಲ್ಲಿ ಬರೆದರೆ ಎದುರು ವಕೀಲರು ಪಾಟೀಸವಾಲಿನಲ್ಲಿ ಬಿಡುವುದಿಲ್ಲ. ಯಾವ ದಿನ, ಯಾರಿಂದ, ಹೇಗೆ ಎಂಬುದು ಇರಬೇಕು. ತಡವಾಗಿದ್ದರೆ ತಡ ಮನ್ನಿಸಿ ಎಂದು ಅದೇ ಕಾಯ್ದೆಯ 5ನೇ ಕಲಮಿನ ಅರ್ಜಿ ಬೇರೆ ಹಾಕಬೇಕು.

ಸಮನ್ಸನ್ನು ಕೈಗೆ ಕೊಡುವ ಬದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿದ್ದರೆ ವಿಷಯ ಇನ್ನೂ ಸ್ವಾರಸ್ಯ. ಆದೇಶ 5, ನಿಯಮ 20 ಅದನ್ನು ಖುದ್ದು ಜಾರಿಯಷ್ಟೇ ಪರಿಣಾಮಕಾರಿ ಎನ್ನುತ್ತದೆ. 123ನೇ ಅನುಚ್ಛೇದದ ವಿವರಣೆಯೋ, ಕಾಲಮಿತಿಯ ಲೆಕ್ಕಕ್ಕೆ ಅದು ಸರಿಯಾದ ಜಾರಿ ಅಲ್ಲ ಎನ್ನುತ್ತದೆ. ಎರಡನ್ನೂ ಒಟ್ಟಿಗೆ ಬರೆದವರಿಗೆ ಅಂಕ ಖಂಡಿತ.

ಎರಡನೇ ಆಧಾರಕ್ಕೆ, ಅಂದರೆ ಸಾಕಷ್ಟು ಕಾರಣಕ್ಕೆ, ಸುಪ್ರೀಂ ಕೋರ್ಟಿನ ಜಿ.ಪಿ. ಶ್ರೀವಾಸ್ತವ ತೀರ್ಪು (2000) ಸಾಕು: ಎಕ್ಸ್‌ಪಾರ್ಟಿ ಇಟ್ಟ ದಿನದ ಗೈರಿಗೆ ಕಾರಣ ನೋಡಬೇಕೇ ಹೊರತು, ಅದಕ್ಕೂ ಮುಂಚಿನ ಅಸಡ್ಡೆಯನ್ನು ಕೆದಕಬಾರದು.

ಮೇಲ್ಮನವಿಯ ಬಲೆಯೂ ಇದೆ. ಸಂಹಿತೆಯ 96(2)ನೇ ಕಲಮಿನಡಿ ಎಕ್ಸ್‌ಪಾರ್ಟಿ ಡಿಕ್ರಿಯ ಮೇಲೆ ಅಪೀಲು ಹೋಗಬಹುದು, ಜೊತೆಗೆ ನಿಯಮ 13ರ ಅರ್ಜಿಯನ್ನೂ ಹಾಕಬಹುದು. ಆದರೆ ಅಪೀಲು ಹಿಂತೆಗೆತವಲ್ಲದೆ ಬೇರೆ ಯಾವುದೇ ರೀತಿ ಇತ್ಯರ್ಥವಾದರೆ ಅರ್ಜಿ ನಡೆಯುವುದಿಲ್ಲ. ತಿರುಗುಮುರುಗಾಗಿ ಅರ್ಜಿ ಮೊದಲು ವಜಾ ಆದರೆ, ಸುಪ್ರೀಂ ಕೋರ್ಟಿನ ಭಾನುಕುಮಾರ್ ಜೈನ್ ತೀರ್ಪಿನ (2005) ಪ್ರಕಾರ ಅಪೀಲಿನಲ್ಲಿ ಡಿಕ್ರಿಯ ಗುಣಾವಗುಣ ವಾದಿಸಬಹುದು. ಗೈರಿನ ಕಾರಣವನ್ನು ಮತ್ತೆ ಎತ್ತುವಂತಿಲ್ಲ. ಅರ್ಜಿ ವಜಾ ಆದ ಆದೇಶದ ಮೇಲೆ ಆದೇಶ 43, ನಿಯಮ 1(ಡಿ) ಅಡಿ ಅಪೀಲು ಉಂಟು.

ಅರ್ಜಿ ಹಾಕಿದ ಮಾತ್ರಕ್ಕೆ ಅಮಲ್ಜಾರಿ ನಿಲ್ಲುವುದಿಲ್ಲ, ತಡೆಯಾಜ್ಞೆ ಪ್ರತ್ಯೇಕ ಕೇಳಬೇಕು. ವಾದಿಗೆ ನೋಟಿಸು ಕೊಡದೆ ಡಿಕ್ರಿ ರದ್ದು ಮಾಡುವಂತಿಲ್ಲ (ನಿಯಮ 14). ರದ್ದು ಮಾಡುವಾಗ ಖರ್ಚು ಕೊಡು, ಇಷ್ಟು ಹಣ ಕೋರ್ಟಿಗೆ ಕಟ್ಟು ಎಂಬ ಷರತ್ತುಗಳನ್ನೂ ನ್ಯಾಯಾಧೀಶರು ಹಾಕಬಹುದು.