ಯೂಟ್ಯೂಬ್ ಓಡುತ್ತೆ, ಫೋನಿನ ವಿಡಿಯೋ ಯಾಕೆ ಓಡಲ್ಲ?

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎಂಟೊಂಬತ್ತು ವರ್ಷದ ಲ್ಯಾಪ್‌ಟಾಪ್‌ಗಳು ವಿಂಡೋಸ್ 11 ಅನ್ನು ಸುಲಭಕ್ಕೆ ಒಪ್ಪುವುದಿಲ್ಲ. ಆದರೆ ಯಂತ್ರ ಇನ್ನೂ ಗಟ್ಟಿಮುಟ್ಟಾಗಿರುತ್ತೆ, ಬಿಸಾಡೋಕೆ ಮನಸ್ಸು ಬರಲ್ಲ. ಹಾಗಾಗಿ ನಮ್ಮ ಹಾಸನದಲ್ಲೂ ಒಬ್ಬೊಬ್ಬರೇ ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸಿಕೊಳ್ಳುತ್ತಿದ್ದಾರೆ. ನನಗಂತೂ ಇದು ತುಂಬ ಖುಷಿಯ ವಿಷಯ. ಹಾಕಿಸಿಕೊಂಡ ಹೊಸದರಲ್ಲಿ ಎಲ್ಲ ಚೆನ್ನಾಗೇ ನಡೆಯುತ್ತೆ. ಆಮೇಲೆ ಒಂದು ಫೋನ್ ಬರುತ್ತೆ.

"ನೋಡಪ್ಪ, ಯೂಟ್ಯೂಬ್ ಬರ್ತದೆ. ಮೊಮ್ಮಗಳ ನಾಮಕರಣದ ವಿಡಿಯೋ ಹಾಕಿದ್ರೆ ಬರಲ್ಲ. ಅದೇನೋ ಎಚ್.264 ಬೇಕು ಅಂತ ಕೇಳ್ತದೆ. ಲ್ಯಾಪ್‌ಟಾಪು ಹಳೇದಾಯ್ತು ಅಂತ ಹಿಂಗಾ?" ಇದು ನಮ್ಮ ಬೀದಿಯ ನಿವೃತ್ತ ಮೇಷ್ಟ್ರ ಪ್ರಶ್ನೆ.

ಲ್ಯಾಪ್‌ಟಾಪ್‌ನ ವಯಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ಲಿನಕ್ಸ್‌ಗೆ ವಿಡಿಯೋ ತೋರಿಸೋಕೆ ಬರಲ್ಲ ಅಂತಲೂ ಅಲ್ಲ. ವಿಡಿಯೋವನ್ನು ಬಿಚ್ಚಿ ತೋರಿಸುವ ಒಂದು ಸಣ್ಣ ತಂತ್ರಾಂಶವನ್ನು ಬೇಕೆಂದೇ ಹೊರಗೆ ಬಿಟ್ಟಿರುತ್ತಾರೆ. ಅದೇ ಕೋಡೆಕ್. ಮೇಷ್ಟ್ರು ಹೇಳಿದ ಎಚ್.264 ಅಂಥದ್ದೊಂದು. ಹೊರಗೆ ಬಿಡೋಕೆ ಕಾರಣ ಪೇಟೆಂಟ್ ಕಾನೂನು. ಇದು ತಿಳಿಯದೆ ಎಷ್ಟೋ ಜನ ಲಿನಕ್ಸ್ ಸರಿಯಿಲ್ಲ ಅಂತ ವಾಪಸ್ ಹೋಗಿಬಿಡುತ್ತಾರೆ. ಅದಕ್ಕೇ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನಿಸಿತು.

ಮೊದಲು ಲೆಕ್ಕ ನೋಡೋಣ. ಫುಲ್ ಎಚ್‌ಡಿ ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ಒಟ್ಟು 20 ಲಕ್ಷ 73 ಸಾವಿರದ 600. ಒಂದೊಂದು ಚುಕ್ಕೆಯ ಬಣ್ಣ ಬರೆದಿಡಲು ಮೂರು ಬೈಟ್ ಬೇಕು. ಅಂದರೆ ಒಂದು ಚಿತ್ರಕ್ಕೇ 6.2 ಎಂಬಿ. ಸೆಕೆಂಡಿಗೆ ಅಂಥ 30 ಚಿತ್ರ ಓಡಿದರೆ ಒಂದು ನಿಮಿಷಕ್ಕೆ 11 ಜಿಬಿಗೂ ಜಾಸ್ತಿ! ಆದರೆ ನಮ್ಮ ಫೋನಿನಲ್ಲಿ ತೆಗೆದ ಒಂದು ನಿಮಿಷದ ವಿಡಿಯೋ ಸಾಮಾನ್ಯವಾಗಿ ನೂರಿನ್ನೂರು ಎಂಬಿ ಒಳಗೇ ಇರುತ್ತೆ. ಉಳಿದದ್ದೆಲ್ಲ ಎಲ್ಲಿ ಹೋಯಿತು?

ಅದನ್ನು ಕಳೆದಿದ್ದು ಗಣಿತ. ಆ ಗಣಿತದ ಮೂಲ ಹುಡುಕಿಕೊಂಡು ಹೋದರೆ ಬೆಂಗಳೂರಿಗೆ ಬರುತ್ತೇವೆ. ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಯುವಿಸಿಇಯಲ್ಲಿ ಎಂಜಿನಿಯರಿಂಗ್ ಓದಿ, 1961ರಲ್ಲಿ ಪದವಿ ಪಡೆದು, ಅಮೆರಿಕಕ್ಕೆ ಹೋದರು. 1972ರಲ್ಲಿ ಅವರಿಗೆ ಒಂದು ಯೋಚನೆ ಹೊಳೆಯಿತು. ಕೊಸೈನ್ ಅಲೆಗಳನ್ನು ಬಳಸಿ ಚಿತ್ರವನ್ನು ಚಿಕ್ಕದು ಮಾಡಬಹುದಲ್ವಾ? ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಹಣ ಕೇಳಿ ಅರ್ಜಿ ಹಾಕಿದರು. ಸಿಗಲಿಲ್ಲ. ಆದರೂ ಕೆಲಸ ಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಸ್ನೇಹಿತ ಕೆ.ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಅದರ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚುಟುಕಾಗಿ ಡಿಸಿಟಿ. ಜೆಪೆಗ್ ಫೋಟೋ, ಎಂಪಿ3 ಹಾಡು, ಎಚ್.264 ವಿಡಿಯೋ ಎಲ್ಲದರ ಒಳಗೂ ಅದು ಅಥವಾ ಅದರ ಹತ್ತಿರದ ನೆಂಟರು ಇದ್ದಾರೆ. ನಮ್ಮ ಶಾಲೆಯ ಮಕ್ಕಳಿಗೆ ಈ ಹೆಸರು ಇನ್ನೂ ಗೊತ್ತಾಗಿಲ್ಲ ಅನ್ನೋದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಡಿಸಿಟಿ ಮಾಡುವ ಕೆಲಸ ಇಷ್ಟು. ಚಿತ್ರವನ್ನು ಸಣ್ಣ ಚೌಕಗಳಾಗಿ ಕತ್ತರಿಸಿಕೊಳ್ಳಬೇಕು. ಜೆಪೆಗ್‌ನಲ್ಲಿ ಒಂದು ಚೌಕಕ್ಕೆ ಅಡ್ಡ ಎಂಟು, ಉದ್ದ ಎಂಟು, ಒಟ್ಟು 64 ಚುಕ್ಕೆ. ಒಂದೊಂದು ಚುಕ್ಕೆಯ ಬೆಳಕನ್ನೂ ಬಿಡಿಬಿಡಿಯಾಗಿ ಬರೆಯುವ ಬದಲು, ಈ ಚೌಕದ ಸರಾಸರಿ ಬೆಳಕೆಷ್ಟು, ಎಡದಿಂದ ಬಲಕ್ಕೆ ನಿಧಾನವಾಗಿ ಎಷ್ಟು ಬದಲಾಗುತ್ತೆ, ಸೂಕ್ಷ್ಮವಾದ ಏರಿಳಿತ ಎಷ್ಟಿದೆ ಅಂತ ಬರೆಯಬೇಕು. ಮತ್ತೆ 64 ಸಂಖ್ಯೆಗಳೇ ಬರುತ್ತವೆ. ಆದರೆ ನಾವು ನೋಡುವ ಸಾಮಾನ್ಯ ಚಿತ್ರಗಳಲ್ಲಿ ಮೊದಲ ಕೆಲವು ಸಂಖ್ಯೆಗಳು ಮಾತ್ರ ದೊಡ್ಡವು. ಉಳಿದವು ಸೊನ್ನೆಯ ಆಸುಪಾಸು. ಆ ಸೂಕ್ಷ್ಮ ಏರಿಳಿತ ನಮ್ಮ ಕಣ್ಣಿಗೂ ಅಷ್ಟಾಗಿ ಕಾಣಲ್ಲ. ಹಾಗಾಗಿ ಅವನ್ನು ಸೊನ್ನೆ ಮಾಡಿಬಿಡಬಹುದು. ಸಾಲಾಗಿ ಬಂದ ಸೊನ್ನೆಗಳನ್ನು ಬರೆದಿಡಲು ಜಾಗವೇ ಬೇಕಾಗಲ್ಲ. ಜೊತೆಗೆ ಕಣ್ಣು ಬೆಳಕಿನ ವ್ಯತ್ಯಾಸ ಹಿಡಿದಷ್ಟು ಚೆನ್ನಾಗಿ ಬಣ್ಣದ ವ್ಯತ್ಯಾಸ ಹಿಡಿಯಲ್ಲ. ಅದಕ್ಕೇ ವಿಡಿಯೋದಲ್ಲಿ ಬಣ್ಣದ ವಿವರವನ್ನು ಸಾಮಾನ್ಯವಾಗಿ ಕಾಲು ಭಾಗ ಮಾತ್ರ ಇಟ್ಟುಕೊಳ್ಳುತ್ತಾರೆ.

ಎರಡನೇ ಉಳಿತಾಯ ಇನ್ನೂ ದೊಡ್ಡದು. 2018ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋಗಿದ್ದವರ ಬಳಿ ಅದರ ವಿಡಿಯೋ ಇದ್ದೇ ಇರುತ್ತೆ. ಕ್ಯಾಮೆರಾ ಅಲುಗಾಡದೆ ನಿಂತಿದೆ ಅಂದುಕೊಳ್ಳಿ. ಗೊಮ್ಮಟ ಅಲುಗಾಡಲ್ಲ, ಹಿಂದಿನ ಆಕಾಶವೂ ಹಾಗೇ ಇರುತ್ತೆ. ಅವನ್ನು ಪ್ರತಿ ಚಿತ್ರದಲ್ಲೂ ಹೊಸದಾಗಿ ಬರೆಯುವ ಅಗತ್ಯವೇ ಇಲ್ಲ. ಕೋಡೆಕ್ ಆಗಾಗ ಒಂದು ಪೂರ್ತಿ ಚಿತ್ರ ಬರೆಯುತ್ತೆ. ನಡುವಿನ ಚಿತ್ರಗಳಿಗೆ "ಈ ಚೌಕ ಹಿಂದಿನಂತೆಯೇ, ಆ ಚೌಕ ಇಷ್ಟು ಕೆಳಗೆ ಸರಿದಿದೆ" ಅಂತ ಮಾತ್ರ ಗುರುತು ಹಾಕುತ್ತೆ. ಖರ್ಚೆಲ್ಲ ಮೇಲಿಂದ ಸುರಿಯುವ ಹಾಲಿಗೆ, ಅರಿಶಿನದ ನೀರಿಗೆ, ಕೆಳಗೆ ಕೈ ಎತ್ತುವ ಜನರಿಗೆ.

ಸಕಲೇಶಪುರದ ಮಳೆಯನ್ನು ಫೋನಿನಲ್ಲಿ ಹಿಡಿದು ನೋಡಿ, ಕೋಡೆಕ್‌ನ ಕಷ್ಟ ಕಣ್ಣಿಗೇ ಕಾಣುತ್ತೆ. ಒಂದು ಹನಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ. ಹಿಂದಿನ ಚಿತ್ರ ನೋಡಿ ಮುಂದಿನದನ್ನು ಊಹಿಸೋಕೆ ಆಗಲ್ಲ. ಅದಕ್ಕೇ ಮಳೆಯ ವಿಡಿಯೋ ಕಲಸಿದಂತೆ ಕಾಣುತ್ತೆ. ಮಂಜು ಮುಸುಕಿದ ಕಾಫಿ ತೋಟದಲ್ಲಿ ತೊಂದರೆ ಬೇರೆ ಥರ. ಮಂಜಿನ ಬಿಳುಪು ಬಹಳ ನಿಧಾನವಾಗಿ ಬದಲಾಗುತ್ತೆ. ಆ ನಯವಾದ ಬದಲಾವಣೆ ತೋರಿಸಲು ಸಾಕಷ್ಟು ಮೆಟ್ಟಿಲುಗಳಿಲ್ಲದೆ, ಪರದೆ ಮೇಲೆ ಪಟ್ಟೆ ಪಟ್ಟೆಯಾಗಿ ಕಾಣುತ್ತೆ. ಎರಡಕ್ಕೂ ನಿಮ್ಮ ಫೋನಿನ ಕ್ಯಾಮೆರಾವನ್ನೇ ಪೂರ್ತಿ ಬೈಯಬೇಡಿ.

ಮಳೆಗಾಲದಲ್ಲಿ ಡಿಶ್ ಟಿವಿಯ ಚಿತ್ರ ಚೌಕ ಚೌಕವಾಗಿ ಒಡೆಯೋದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಆ ಚೌಕಗಳೇ ಮೇಲೆ ಹೇಳಿದ ಕೋಡೆಕ್‌ನ ಚೌಕಗಳು. ಡಿಟಿಎಚ್ ಸಂಕೇತದ ಅಲೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ದಪ್ಪ ಮಳೆ ಅದನ್ನು ಹೀರಿಕೊಳ್ಳುತ್ತೆ, ಚದುರಿಸುತ್ತೆ. ಅರ್ಧಂಬರ್ಧ ಬಂದ ಮಾಹಿತಿಯಲ್ಲಿ ಕೆಲವು ಚೌಕ ತುಂಬುತ್ತವೆ, ಕೆಲವು ತುಂಬಲ್ಲ. ಡಿಡಿ ಫ್ರೀ ಡಿಶ್‌ನ ಚಾನೆಲ್‌ಗಳು ಜಿಸ್ಯಾಟ್-15 ಉಪಗ್ರಹದಿಂದ ಬರುತ್ತವೆ. ಆ ಉಪಗ್ರಹವನ್ನು ನೋಡಿಕೊಳ್ಳುವ ಇಸ್ರೋದ ಎಂಸಿಎಫ್ ಇರುವುದು ನಮ್ಮ ಸಾಲಗಾಮೆ ರಸ್ತೆಯಲ್ಲಿ, 1982ರಿಂದ. ಕೋಡೆಕ್ ಅನ್ನೋದು ಹಾಸನಕ್ಕೆ ದೂರದ ವಿಷಯವೇನಲ್ಲ.

ಮೇಷ್ಟ್ರ ಪ್ರಶ್ನೆಗೆ ಬರುವ ಮುಂಚೆ ಇನ್ನೊಂದು ಗೊಂದಲ ಬಿಡಿಸಬೇಕು. "ಎಂಪಿ4 ಫೈಲ್ ಓಡಲ್ಲ" ಅಂತ ಎಲ್ಲರೂ ಹೇಳುತ್ತಾರೆ. ಎಂಪಿ4, ಎಂಕೆವಿ, ಎವಿಐ ಇವೆಲ್ಲ ಬರೀ ಚೀಲಗಳು. ಕಾಫಿ ಮಂಡಿಯಲ್ಲಿ ಗೋಣಿಚೀಲ ನೋಡಿದ ಮಾತ್ರಕ್ಕೆ ಒಳಗಿರೋದು ಅರೇಬಿಕಾ ಪಾರ್ಚ್‌ಮೆಂಟೋ ರೋಬಸ್ಟಾ ಚೆರಿಯೋ ಗೊತ್ತಾಗಲ್ಲ, ಹಾಗೆ. ಒಂದು ಎಂಪಿ4 ಒಳಗೆ ಎಚ್.264 ಇರಬಹುದು, ಎಚ್.265 ಇರಬಹುದು, ಎವಿ1 ಇರಬಹುದು. ಚೀಲದ ಹೆಸರು ಬದಲಾಯಿಸಿದರೆ ಒಳಗಿನದು ಬದಲಾಗಲ್ಲ. ಹಾಗಾಗಿ ಫೈಲ್ ಹೆಸರಿನ ಕೊನೆಯ ಅಕ್ಷರ ತಿದ್ದಿ ನೋಡೋದು ಸುಮ್ನೆ ಶ್ರಮ.

ಯೂಟ್ಯೂಬ್ ಯಾಕೆ ಓಡುತ್ತೆ ಅನ್ನೋದು ಈಗ ಸುಲಭ. ಅದು ವಿಪಿ9, ಎವಿ1 ಎಂಬ ಕೋಡೆಕ್‌ಗಳಲ್ಲೂ ವಿಡಿಯೋ ಕೊಡುತ್ತೆ, ಓಪಸ್ ಎಂಬುದರಲ್ಲಿ ಧ್ವನಿ ಕೊಡುತ್ತೆ. ಇವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಲಿ ಅಂತಲೇ ಬಿಡುಗಡೆ ಮಾಡಿದ್ದಾರೆ. ವಿಪಿ9 ಗೂಗಲ್‌ನದು, 2013ರದು. ಎವಿ1 ಹಲವು ಕಂಪನಿಗಳು ಸೇರಿ 2018ರಲ್ಲಿ ಹೊರತಂದದ್ದು. ಬ್ರೌಸರ್ ಇವನ್ನು ಜೊತೆಗೇ ಇಟ್ಟುಕೊಂಡಿರುತ್ತೆ. ಆದರೆ ವಾಟ್ಸ್ಆ್ಯಪ್‌ನಲ್ಲಿ ಬರುವ ವಿಡಿಯೋ ಸಾಮಾನ್ಯವಾಗಿ ಎಚ್.264, ಅದರ ಧ್ವನಿ ಎಎಸಿ. ಐಫೋನ್ 2017ರಿಂದ ಎಚ್.265 ಕಡೆ ಹೋಗಿದೆ. ಇವುಗಳ ಸುತ್ತ ಪೇಟೆಂಟ್‌ಗಳಿವೆ.

ನಾಸಿರ್ ಅಹ್ಮದ್ ತಮ್ಮ ಗಣಿತವನ್ನು ಎಲ್ಲರೂ ಓದುವಂತೆ ಪ್ರಕಟಿಸಿದ್ದರು. ಅದರ ಮೇಲೆ ಕಟ್ಟಿದ ನೂರಾರು ಜಾಣತನಗಳಿಗೆ ಬೇರೆ ಬೇರೆ ಕಂಪನಿಗಳು ಪೇಟೆಂಟ್ ಪಡೆದವು. 2003ರಲ್ಲಿ ಎಚ್.264 ಪ್ರಕಟವಾದಾಗ ಅವನ್ನೆಲ್ಲ ಒಟ್ಟುಗೂಡಿಸಿ ಶುಲ್ಕ ವಸೂಲಿ ಮಾಡುವ ವ್ಯವಸ್ಥೆ ಬಂತು. ಶುಲ್ಕದ ಲೆಕ್ಕ ಎಷ್ಟು ಪ್ರತಿ ಹೋಯಿತು ಅನ್ನೋದರ ಮೇಲೆ. ವಿಂಡೋಸ್ ಥರದ ಮಾರಾಟದ ಸಾಮಾನಿಗೆ ಇದು ಸರಿಹೋಗುತ್ತೆ. ಲಿನಕ್ಸ್ ಅನ್ನು ಒಬ್ಬರು ಇಳಿಸಿಕೊಂಡು ಹತ್ತು ಜನಕ್ಕೆ ಪೆನ್‌ಡ್ರೈವ್‌ನಲ್ಲಿ ಕೊಡಬಹುದು. ಪ್ರತಿಗಳನ್ನು ಯಾರು ಎಣಿಸುತ್ತಾರೆ? ಲಿನಕ್ಸ್‌ನಲ್ಲಿ ಉಬುಂಟು, ಮಿಂಟ್, ಫೆಡೋರಾ ಅಂತ ಹಲವು ಬಗೆಗಳಿವೆ, ಇವನ್ನು ಡಿಸ್ಟ್ರೋ ಅನ್ನುತ್ತಾರೆ. ಫೆಡೋರಾ ಹಿಂದೆ ಇರುವ ರೆಡ್ ಹ್ಯಾಟ್ ಅಮೆರಿಕದ ಕಂಪನಿ. ಅಲ್ಲಿ ಸಾಫ್ಟ್‌ವೇರ್ ಪೇಟೆಂಟ್‌ಗೆ ಬಲ ಜಾಸ್ತಿ. ಅದಕ್ಕೇ ಫೆಡೋರಾ ಇಷ್ಟೊಂದು ಎಚ್ಚರಿಕೆ. ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಗಣಿತದ ವಿಧಾನ, ಅಲ್ಗಾರಿದಮ್, ಬರೀ ಕಂಪ್ಯೂಟರ್ ಪ್ರೋಗ್ರಾಂ ಇವಕ್ಕೆ ಪೇಟೆಂಟ್ ಇಲ್ಲ ಅನ್ನುತ್ತೆ. ಆದರೆ ಲಿನಕ್ಸ್ ಡಿಸ್ಟ್ರೋ ಒಂದು ದೇಶಕ್ಕೆ ಒಂದು ಥರ ತಯಾರಾಗಲ್ಲವಲ್ಲ.

ಪೇಟೆಂಟ್‌ಗೂ ಆಯಸ್ಸಿದೆ, ಸಾಮಾನ್ಯವಾಗಿ 20 ವರ್ಷ. ಎಂಪಿ3ಯ ಲೈಸೆನ್ಸ್ ವ್ಯವಸ್ಥೆ 2017ರ ಏಪ್ರಿಲ್‌ನಲ್ಲಿ ನಿಂತಿತು. ಅಮೆರಿಕದಲ್ಲಿ ಡಿವಿಡಿಗಳ ವಿಡಿಯೋ ಕೋಡೆಕ್ ಆದ ಎಂಪೆಗ್-2ರ ಕೊನೆಯ ಪೇಟೆಂಟ್ 2018ರಲ್ಲಿ ಮುಗಿಯಿತು. ಈಗ ಫೆಡೋರಾದಲ್ಲಿ ಎಂಪಿ3 ಹಾಡು ಏನೂ ಹಾಕಿಕೊಳ್ಳದೆ ಕೇಳುತ್ತೆ. ಒಂದು ಕಾಲಕ್ಕೆ ಅದಕ್ಕೂ ಇದೇ ಪಾಡು.

ಇನ್ನು ಕೈಕೆಲಸ. ಉಬುಂಟು ಹಾಕುವಾಗಲೇ ಹೆಚ್ಚುವರಿ ಮೀಡಿಯಾ ಫಾರ್ಮ್ಯಾಟ್ ಬೇಕಾ ಅಂತ ಒಂದು ಚೌಕದ ಗುರುತು ಕೇಳುತ್ತೆ. ಅದಕ್ಕೆ ಟಿಕ್ ಹಾಕಿಬಿಟ್ಟರೆ ಬಹುಪಾಲು ಮುಗಿಯಿತು. ಮರೆತಿದ್ದರೆ "ಉಬುಂಟು ರಿಸ್ಟ್ರಿಕ್ಟೆಡ್ ಎಕ್ಸ್‌ಟ್ರಾಸ್" ಅನ್ನೋ ಪ್ಯಾಕೇಜ್ ಹಾಕಿಕೊಳ್ಳಬಹುದು. ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) ಹಾಕುವಾಗ ನಡುವೆ ಮೈಕ್ರೋಸಾಫ್ಟ್ ಫಾಂಟ್‌ಗಳ ಕರಾರು ಪತ್ರವೊಂದು ತೆರೆದು ನಿಲ್ಲುತ್ತೆ. ಮೌಸ್ ಒತ್ತಿದರೆ ಏನೂ ಆಗಲ್ಲ. ಹೊಸಬರು ಇಲ್ಲೇ ಗಾಬರಿಯಾಗಿ ಕಿಟಕಿ ಮುಚ್ಚಿಬಿಡುತ್ತಾರೆ. ಟ್ಯಾಬ್ ಕೀ ಒತ್ತಿ ಓಕೆ ಮೇಲೆ ಹೋಗಿ, ಎಂಟರ್ ಒತ್ತಿ. ಮುಂದೆ ಒಪ್ಪಿಗೆ ಕೇಳಿದಾಗ ಹಾಗೇ ಯೆಸ್ ಮೇಲೆ ಹೋಗಿ ಎಂಟರ್ ಒತ್ತಿ, ಅಷ್ಟೇ. ಲಿನಕ್ಸ್ ಮಿಂಟ್‌ನಲ್ಲಿ ಇನ್ನೂ ಸುಲಭ. ಮೆನುವಿನಲ್ಲಿ ಮಲ್ಟಿಮೀಡಿಯಾ ಕೋಡೆಕ್ಸ್ ಅಂತ ಹುಡುಕಿ ಒತ್ತಿದರೆ ಸಾಕು. ಹೊಸಬರಿಗೆ ನಾನು ಮಿಂಟ್ ಹೇಳೋದು ಬಹುಮಟ್ಟಿಗೆ ಇದಕ್ಕೇ. ಡೆಬಿಯನ್ ಅನ್ನೋ ಡಿಸ್ಟ್ರೋದ ಸ್ವಂತ ಭಂಡಾರದಲ್ಲೇ (ತಂತ್ರಾಂಶ ಇಳಿಸಿಕೊಳ್ಳುವ ಜಾಗ) ಬಹುತೇಕ ಎಲ್ಲವೂ ಸಿಗುತ್ತೆ. ಫೆಡೋರಾಗೆ ಆರ್‌ಪಿಎಂ ಫ್ಯೂಷನ್ ಅನ್ನೋ ಹೊರಗಿನ ಭಂಡಾರ ಸೇರಿಸಿಕೊಳ್ಳಬೇಕು. ಆಮೇಲೆ ಫೆಡೋರಾದಲ್ಲಿ ಮೊದಲೇ ಇದ್ದ ಎಫ್‌ಎಫ್‌ಎಂಪೆಗ್ ಫ್ರೀ ಅನ್ನೋ ಕೋಡೆಕ್‌ಗಳ ಅರೆ ಗಂಟು ತೆಗೆದು ಪೂರ್ತಿ ಎಫ್‌ಎಫ್‌ಎಂಪೆಗ್ ಹಾಕಬೇಕು. ಓಪನ್‌ಸೂಸೆ ಅನ್ನೋ ಡಿಸ್ಟ್ರೋಗೆ ಪ್ಯಾಕ್‌ಮನ್ ಭಂಡಾರ.

ಈ ಎಫ್‌ಎಫ್‌ಎಂಪೆಗ್ ಬಗ್ಗೆ ಒಂದು ಮಾತು ಹೇಳಲೇಬೇಕು. ಫ್ರಾನ್ಸಿನ ಫ್ಯಾಬ್ರೀಸ್ ಬೆಲಾರ್ 2000ರಲ್ಲಿ ಶುರು ಮಾಡಿದ್ದು. ಲಿನಕ್ಸ್‌ನ ಹೆಚ್ಚಿನ ಪ್ಲೇಯರ್‌ಗಳು ಒಳಗೊಳಗೆ ಬಳಸೋದು ಇದನ್ನೇ. ಜಿಸ್ಟ್ರೀಮರ್ ಅನ್ನೋ ಇನ್ನೊಂದು ವ್ಯವಸ್ಥೆ ಇದೆ. ಅದರ ಪ್ಯಾಕೇಜ್‌ಗಳಿಗೆ ಗುಡ್, ಬ್ಯಾಡ್, ಅಗ್ಲಿ ಅಂತ ಹೆಸರು. ಹೆದರಬೇಡಿ. ಬ್ಯಾಡ್ ಅಂದರೆ ಇನ್ನೂ ಪೂರ್ತಿ ಪಳಗದ್ದು. ಅಗ್ಲಿ ಅಂದರೆ ಕೆಲಸ ಚೆನ್ನಾಗಿದ್ದೂ ಹಂಚೋಕೆ ಕಾನೂನಿನ ತೊಡಕಿರುವುದು. ಯಾವುದೂ ವೈರಸ್ ಅಲ್ಲ.

ಇದೆಲ್ಲ ಬೇಡ, ವಿಡಿಯೋ ಓಡಿದರೆ ಸಾಕು ಅನ್ನುವವರು ಫ್ಲಾಟ್‌ಹಬ್ ಅನ್ನೋ ಅಪ್ಲಿಕೇಶನ್ ಭಂಡಾರದಿಂದ ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಬಹುದು. ಬೇಕಾದ ಡಿಕೋಡರ್‌ಗಳು ಅದರ ಜೊತೆಗೇ ಬರುತ್ತವೆ. ಆದರೆ ವಿಡಿಯೋ ಎಡಿಟರ್‌ನಂಥ ಬೇರೆ ಅಪ್ಲಿಕೇಶನ್‌ಗಳಿಗೆ ಅವು ಒದಗುವುದಿಲ್ಲ. ಗೂಗಲ್ ಮಾಡಿ ಸಿಕ್ಕಿದ ವೆಬ್‌ಸೈಟ್‌ನಿಂದ "ಕೋಡೆಕ್ ಪ್ಯಾಕ್" ಇಳಿಸೋದು ಮಾತ್ರ ಬೇಡವೇ ಬೇಡ. ವಿಡಿಯೋವನ್ನು ಬೇರೆ ಫಾರ್ಮ್ಯಾಟ್‌ಗೆ ಬದಲಾಯಿಸಿ ಹಳೆಯದನ್ನು ಅಳಿಸೋದೂ ಬೇಡ. ಪ್ರತಿ ಸಲ ಬದಲಾಯಿಸಿದಾಗಲೂ ಇನ್ನಷ್ಟು ವಿವರ ಸೊನ್ನೆಯಾಗುತ್ತೆ, ಅದು ಮತ್ತೆ ಸಿಗಲ್ಲ.

ವಿಡಿಯೋ ಓಡಿ, ಫ್ಯಾನ್ ಜೋರಾಗಿ ತಿರುಗುತ್ತಾ ಲ್ಯಾಪ್‌ಟಾಪ್ ಬಿಸಿಯಾದರೆ ಕಾರಣ ಬೇರೆ. ಬಿಡಿಸುವ ಲೆಕ್ಕವನ್ನು ಮುಖ್ಯ ಪ್ರೊಸೆಸರ್ ಮಾಡುತ್ತಿದೆ ಅಂತ ಅರ್ಥ. ಗ್ರಾಫಿಕ್ಸ್ ಚಿಪ್‌ನಲ್ಲಿ ಅದಕ್ಕೆಂದೇ ಪುಟ್ಟ ಸರ್ಕ್ಯೂಟ್ ಇರುತ್ತೆ. ಕೆಲಸ ಅಲ್ಲಿಗೆ ಹೋದರೆ ಬ್ಯಾಟರಿಯೂ ಉಳಿಯುತ್ತೆ. ಇಂಟೆಲ್ ಚಿಪ್‌ಗಳಲ್ಲಿ 2011ರ ಹೊತ್ತಿಗೇ ಎಚ್.264ಕ್ಕೆ ಇಂಥದ್ದು ಇತ್ತು. ಎವಿ1ಗೆ ಬಂದದ್ದು 2020ರಲ್ಲಿ. ಹಾಗಾಗಿ 2016ರ ಲ್ಯಾಪ್‌ಟಾಪ್‌ನಲ್ಲಿ ಯೂಟ್ಯೂಬ್ ಎವಿ1 ಕಳಿಸಿದರೆ ಬಿಸಿ ಏರುತ್ತೆ. ಯೂಟ್ಯೂಬ್ ಎಚ್.264ನಲ್ಲೇ ಕಳಿಸುವಂತೆ ಮಾಡುವ ಬ್ರೌಸರ್ ಎಕ್ಸ್‌ಟೆನ್ಶನ್‌ಗಳಿವೆ, ಒಂದು ಹಾಕಿ ನೋಡಿ. ವಿಎಲ್‌ಸಿಯಲ್ಲಿ ವಿಡಿಯೋ ಓಡುವಾಗ ಕಂಟ್ರೋಲ್ ಜೊತೆ ಜೆ ಒತ್ತಿದರೆ ಒಳಗಿರೋದು ಯಾವ ಕೋಡೆಕ್ ಅಂತ ಹೆಸರು ಸಮೇತ ತೋರಿಸುತ್ತೆ. ಯಾರನ್ನಾದರೂ ಸಹಾಯ ಕೇಳುವ ಮುಂಚೆ ಆ ಹೆಸರು ಬರೆದಿಟ್ಟುಕೊಳ್ಳಿ, ಅರ್ಧ ಕೆಲಸ ಕಡಿಮೆಯಾಗುತ್ತೆ.