ಲ್ಯಾಮಿನೇಷನ್ ಹೊದಿಕೆಯಲ್ಲ, ಅಂಟು

ಹಳೆಯ ಕಾಗದಪತ್ರಗಳನ್ನು ದುರಸ್ತಿ ಮಾಡುವ ನನ್ನ ಮೇಜಿಗೆ ಲ್ಯಾಮಿನೇಟ್ ಮಾಡಿಸಿದ ಕ್ರಯಪತ್ರವೊಂದು ಆಗಾಗ ಬಂದೇ ಬರುತ್ತದೆ. ತಂದವರೆಲ್ಲರ ಕೋರಿಕೆಯೂ ಒಂದೇ: “ಮೇಲಿನ ಪ್ಲಾಸ್ಟಿಕ್ ಬಿಡಿಸಿಕೊಡಿ ಸಾರ್, ಬ್ಯಾಂಕಿನವರು ಒಪ್ಪುತ್ತಿಲ್ಲ.”

‘ಮೇಲಿನ ಪ್ಲಾಸ್ಟಿಕ್’ ಎಂಬ ಮಾತಿನಲ್ಲೇ ಎಡವಟ್ಟಿದೆ. ಪಠ್ಯಪುಸ್ತಕಕ್ಕೆ ಹಾಕಿದ ರಟ್ಟಿನಂತೆ ಇದನ್ನೂ ಬೇಕೆಂದಾಗ ಕಳಚಬಹುದೆಂದು ಜನ ನಂಬಿದ್ದಾರೆ. ಜೆರಾಕ್ಸ್ ಅಂಗಡಿಯ ಪೌಚಿನ ಹೊರಮೈ ಮಾತ್ರ ಪಾಲಿಯೆಸ್ಟರ್. ಒಳಮೈ ತುಂಬ ಇರುವುದು ಶಾಖಕ್ಕೆ ಕರಗುವ ಅಂಟು. ಸುಮಾರು 100 ಡಿಗ್ರಿ ಮೀರಿ ಕಾದ ರೋಲರುಗಳ ನಡುವೆ ಅದು ಕರಗಿ, ಕಾಗದದ ನಾರುಗಳೊಳಗೆ ಇಳಿದು, ತಣ್ಣಗಾದೊಡನೆ ಅವನ್ನು ಕಚ್ಚಿ ಹಿಡಿಯುತ್ತದೆ. ಆಮೇಲೆ ಎಳೆದರೆ ಕಾಗದದ ಮೇಲ್ಪದರವೂ ಅದರ ಮೇಲಿನ ಅಕ್ಷರಗಳೂ ಪ್ಲಾಸ್ಟಿಕ್ಕಿನೊಂದಿಗೇ ಕಿತ್ತು ಬರುತ್ತವೆ. ದ್ರಾವಕಗಳಿಂದ ಅಂಟು ಕೆಲವೊಮ್ಮೆ ಸಡಿಲವಾಗುವುದುಂಟು. ಆದರೆ ಅದೇ ದ್ರಾವಕ ಮೊಹರಿನ ಶಾಯಿಯನ್ನೂ ಬಾಲ್ ಪೆನ್ನಿನ ಸಹಿಯನ್ನೂ ಕದಡಬಲ್ಲುದಾದ್ದರಿಂದ ನಾನು ಯಾರಿಗೂ ಭರವಸೆ ಕೊಡುವುದಿಲ್ಲ.

ಪತ್ರಾಗಾರದವರೂ ಲ್ಯಾಮಿನೇಟ್ ಮಾಡುತ್ತಿದ್ದರಲ್ಲವೇ ಎಂದು ತಿಳಿದವರು ವಾದಿಸುತ್ತಾರೆ. ಮಾಡುತ್ತಿದ್ದರು, ನಿಜ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ವಿಧಾನದಲ್ಲಿ ಸೆಲ್ಯುಲೋಸ್ ಅಸಿಟೇಟಿನ ತೆಳುಹಾಳೆಯನ್ನು ಶಾಖವಿಲ್ಲದೆ, ಅಸಿಟೋನ್ ಸವರಿ ಕೈಯಿಂದಲೇ ಕೂರಿಸುತ್ತಿದ್ದರು; ಅಸಿಟೋನಿನಿಂದಲೇ ಅದನ್ನು ಬಿಡಿಸಲೂ ಬರುತ್ತಿತ್ತು. ಹೆಸರೊಂದೇ, ಕೆಲಸ ಬೇರೆ.

ಕಳೆದ ಮಳೆಗಾಲದಲ್ಲಿ ಹಿರಿಯರೊಬ್ಬರು ತಮ್ಮ ಅಜ್ಜನ ಕಾಲದ ಛಾಪಾಕಾಗದವನ್ನು ಬಟ್ಟೆಚೀಲದಲ್ಲಿ ತಂದಿದ್ದರು. ಭೂತಗನ್ನಡಿಯಲ್ಲಿ ನೋಡಿದರೆ, ತೇವವಿದ್ದ ಕಾಗದವನ್ನು ಹಾಗೆಯೇ ಯಂತ್ರಕ್ಕೆ ಕೊಟ್ಟಿದ್ದರಿಂದ ಮಡಿಕೆಯ ಗೆರೆಯುದ್ದಕ್ಕೂ ಸಾಸಿವೆ ಗಾತ್ರದ ಗುಳ್ಳೆಗಳೆದ್ದಿದ್ದವು. ಉಬ್ಬುಮುದ್ರೆ ಬೆರಳಿಗೆ ತಾಗದಷ್ಟು ಚಪ್ಪಟೆಯಾಗಿತ್ತು. ಪೌಚಿಗಿಂತ ಕಾಗದ ದೊಡ್ಡದಾಯಿತೆಂದು ಅಂಗಡಿಯ ಹುಡುಗ ಅಂಚನ್ನು ಕತ್ತರಿಸಿದ್ದ. ಅದರೊಂದಿಗೆ ಸಾಕ್ಷಿಯೊಬ್ಬರ ಅರ್ಧ ಹೆಬ್ಬೆಟ್ಟೂ ಹೋಗಿತ್ತು. “ಗೆದ್ದಲು ಹಿಡಿಯಬಾರದೆಂದು ಮಾಡಿಸಿದೆ” ಎಂದರು. ಗದರಲು ಮನಸ್ಸಾಗಲಿಲ್ಲ.

ಬಿಡಿಸುವ ಗೋಜಿಗೆ ಹೋಗದೆ ಅದನ್ನು ಹಾಗೆಯೇ ಇಟ್ಟುಕೊಳ್ಳಿ, ನೋಂದಾಯಿತ ಪತ್ರವಾದ್ದರಿಂದ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಿ ಎಂದೆ. ಈಗಿರುವ ಸ್ಥಿತಿಯಲ್ಲಿ ಮೂಲಪತ್ರ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದನ್ನು ವಕೀಲರೇ ಹೇಳಬೇಕು. ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡ ಅವರು ಚೀಲದಿಂದ ಮೊಮ್ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ತೆಗೆದು, “ದಾರಿಯಲ್ಲೇ ಅಂಗಡಿಯಿತ್ತು, ಇದನ್ನೂ ಮಾಡಿಸಿಬಿಡೋಣ ಎಂದುಕೊಂಡಿದ್ದೆ” ಎಂದರು. ಅಂಟಿಲ್ಲದ, ಒಂದು ಬದಿ ತೆರೆದಿರುವ ಪಾಲಿಯೆಸ್ಟರ್ ಲಕೋಟೆಯೊಂದರಲ್ಲಿ ಅದನ್ನು ಇರಿಸಿ ಕೊಟ್ಟು ಕಳುಹಿಸಿದೆ.